ಸಿಲ್ವರ್ ಮರದ ಪುಡಿಯಿಂದ ಲಿಗ್ನಿನ್: ಕಿಟಕಿಗೆ ಪಾಲಿಶ್, ಸಸಿಗೆ ಕುಂಡ

ಮಳೆಗಾಲ ಮುಗಿದ ಮೇಲೆ ತೋಟದೊಳಗೆ ಒಂದು ಸುತ್ತು ಹೋಗಿ ಬನ್ನಿ. ಎರಡು ಮೂರು ವರ್ಷದ ಹಿಂದೆ ಬಿದ್ದ ಮರದ ಕೊರಡು ಎಲ್ಲಾದರೂ ಸಿಕ್ಕೇ ಸಿಗುತ್ತದೆ. ಅದನ್ನು ಕೈಯಲ್ಲಿ ಮುರಿದು ನೋಡಿ. ಕೆಲವು ಬೆಳ್ಳಗೆ, ಮೆತ್ತಗೆ, ನಾರುನಾರಾಗಿ ಬಿಡಿಸಿಕೊಂಡು ಬರುತ್ತವೆ. ಇನ್ನು ಕೆಲವು ಕಂದು ಬಣ್ಣಕ್ಕೆ ತಿರುಗಿ, ಪುಟ್ಟ ಇಟ್ಟಿಗೆಗಳ ಹಾಗೆ ಚೌಕಚೌಕವಾಗಿ ಒಡೆದಿರುತ್ತವೆ. ಬೆರಳಲ್ಲಿ ಉಜ್ಜಿದರೆ ಪುಡಿಪುಡಿ. ಎರಡೂ ಶಿಲೀಂಧ್ರಗಳದೇ ಕೆಲಸ. ಬೆಳ್ಳಗಿರುವ ಕೊರಡಿನಲ್ಲಿ ಅವು ನಾರಿನ ಸುತ್ತ ಮೆತ್ತಿಕೊಂಡಿರುವ ಲಿಗ್ನಿನ್ ಅನ್ನುವ ವಸ್ತುವನ್ನು ತಿಂದು ನಾರನ್ನು ಉಳಿಸಿವೆ. ಕಂದು ಕೊರಡಿನಲ್ಲಿ ನಾರನ್ನು ತಿಂದು ಲಿಗ್ನಿನ್ ಬಿಟ್ಟು ಹೋಗಿವೆ. ನಾವು ಈ ಲೇಖನದಲ್ಲಿ ತೆಗೆಯಲು ಹೊರಟಿರುವುದು ಆ ಕಂದು ವಸ್ತುವನ್ನೇ.

ಹಳೆಯ ಕಾಲದ ತಟ್ಟಿ ಗೋಡೆ ನೋಡಿದ್ದೀರಲ್ವಾ? ಬಿದಿರಿನ ತಟ್ಟಿ ಹೆಣೆದು ಅದಕ್ಕೆ ಮಣ್ಣು ಮೆತ್ತುತ್ತಿದ್ದರು. ಮರವೂ ಹಾಗೆಯೇ. ಸೆಲ್ಯುಲೋಸ್ ನಾರು ಬಿದಿರಿನ ತಟ್ಟಿ, ಲಿಗ್ನಿನ್ ಅದಕ್ಕೆ ಮೆತ್ತಿದ ಮಣ್ಣು. ಮರಕ್ಕೆ ಗಟ್ಟಿತನ ಕೊಡುವುದು, ನೀರು ಸುಲಭವಾಗಿ ಒಳಗೆ ಇಳಿಯದ ಹಾಗೆ ತಡೆಯುವುದು, ಕಂದು ಬಣ್ಣ ಕೊಡುವುದು, ಎಲ್ಲ ಇದೇ. ಒಣಗಿದ ಮರದ ತೂಕದಲ್ಲಿ ಹೆಚ್ಚುಕಡಿಮೆ ಐದನೇ ಒಂದು ಭಾಗದಿಂದ ಮೂರನೇ ಒಂದು ಭಾಗದವರೆಗೆ ಲಿಗ್ನಿನ್ ಇರುತ್ತದೆ. ಕಾಗದ ಮಾಡುವವರಿಗೆ ಇದು ಬೇಡ. ದಾಂಡೇಲಿಯಲ್ಲಿರುವಂಥ ದೊಡ್ಡ ಕಾಗದ ಕಾರ್ಖಾನೆಗಳು ಮರದ ಚಕ್ಕೆಯನ್ನು ಕ್ಷಾರದಲ್ಲಿ ಬೇಯಿಸಿ ಲಿಗ್ನಿನ್ ಕರಗಿಸಿ, ಆ ಕಪ್ಪು ದ್ರವವನ್ನು ಬಾಯ್ಲರ್‌ಗೆ ಹಾಕಿ ಉರಿಸುತ್ತವೆ. ಜಗತ್ತಿನ ಕಾಗದ ಕಾರ್ಖಾನೆಗಳಿಂದ ಬರುವ ಲಿಗ್ನಿನ್‌ನ ಬಹುಪಾಲು ಹೀಗೆ ಉರುವಲಾಗಿಯೇ ಮುಗಿದುಹೋಗುತ್ತದೆ.

ನನಗೆ ಇದರಲ್ಲಿ ಆಸಕ್ತಿ ಬಂದದ್ದು ನಮ್ಮ ಮನೆಯ ಪಡುವಣ ಕಿಟಕಿಯಿಂದ. ನಮ್ಮ ಕೊಡಗಿನ ಮಡಿಕೇರಿ ಕಡೆ ವರ್ಷಕ್ಕೆ 3,000 ಮಿಲಿಮೀಟರ್ ಮೀರಿ ಮಳೆ ಬೀಳುತ್ತದೆ. ಅದು ನಿಂತ ಮೇಲೆ ಆರು ತಿಂಗಳು ಬಿಸಿಲು. ಏನೂ ಹಚ್ಚದ ಮರ ಕೆಲವೇ ವರ್ಷದಲ್ಲಿ ಬೂದಿ ಬಣ್ಣಕ್ಕೆ ತಿರುಗುತ್ತದೆ. ಯಾಕೆ ಗೊತ್ತಾ? ಬಿಸಿಲಿನ ನೇರಳಾತೀತ ಕಿರಣವನ್ನು ಮರದಲ್ಲಿ ಎಲ್ಲಕ್ಕಿಂತ ಜಾಸ್ತಿ ಹೀರಿಕೊಳ್ಳುವುದು ಲಿಗ್ನಿನ್. ಹೀರಿಕೊಂಡು ತಾನೇ ಒಡೆಯುತ್ತದೆ. ಒಡೆದದ್ದನ್ನು ಮಳೆ ತೊಳೆದುಕೊಂಡು ಹೋಗುತ್ತದೆ. ಉಳಿಯುವುದು ಬಿಳಿಚಿದ ನಾರು. ಅಂದರೆ ಮರದ ಮೇಲ್ಮೈ ಕಳೆದುಕೊಂಡಿರುವುದು ಲಿಗ್ನಿನ್ ಅನ್ನು. ಹಾಗಾದರೆ ಮರದ ಮಿಲ್ಲಿನಲ್ಲಿ ರಾಶಿ ಬಿದ್ದಿರುವ ಪುಡಿಯಿಂದ ಅದನ್ನೇ ತೆಗೆದು ಕಿಟಕಿಗೆ ಹಚ್ಚಿದರೆ? ಬಿಸಿಲು ಮೊದಲು ಹಚ್ಚಿದ್ದನ್ನು ತಿನ್ನಲಿ, ಕಿಟಕಿಯ ಮರವನ್ನು ಬಿಡಲಿ. ಯೋಚನೆ ಇಷ್ಟೇ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮನೆಯಲ್ಲಿ ತೆಗೆದ ಲಿಗ್ನಿನ್‌ನಿಂದ ಬಕೆಟ್, ಕುರ್ಚಿ ಮಾಡಲು ಆಗುವುದಿಲ್ಲ. ಲಿಗ್ನಿನ್ ಒಂದನ್ನೇ ಅಚ್ಚು ಹಾಕಿದರೆ ಚಿಕ್ಕಿಯ ಹಾಗೆ ಪಟ್ ಅಂತ ಮುರಿಯುತ್ತದೆ. ಇದಕ್ಕೆ ಯಾವಾಗಲೂ ಒಂದು ಜೊತೆ ಬೇಕು. ಅರಗು, ಎಣ್ಣೆ, ಗಂಜಿ, ನಾರು, ಹೀಗೆ. ಜೊತೆ ಸರಿಯಾಗಿದ್ದರೆ ಕೆಲಸ ಚೆನ್ನಾಗಿ ಮಾಡುತ್ತದೆ.

ಯಾವ ಪುಡಿ, ಯಾವ ಕಾಲ

ಡಿಸೆಂಬರ್ ಕೊನೆಯಿಂದ ಮಾರ್ಚ್ ಒಳಗೆ ಮಾಡಿ. ಕಾಫಿ ಕೊಯ್ಲಿನ ಗಡಿಬಿಡಿ ಇರುತ್ತದೆ ನಿಜ, ಆದರೆ ಬಿಸಿಲು, ಒಣ ಗಾಳಿ ಎರಡೂ ಸಿಗುವುದು ಆಗಲೇ. ಜುಲೈ, ಆಗಸ್ಟ್‌ನ ಕಕ್ಕಡ ತಿಂಗಳ ಮಳೆಯಲ್ಲಿ ಬಟ್ಟೆಯೇ ಒಣಗುವುದಿಲ್ಲ, ಲಿಗ್ನಿನ್ ಎಲ್ಲಿ ಒಣಗೀತು?

ಮರದ ಮಿಲ್ಲಿಗೆ ಹೋದಾಗ ಸಿಲ್ವರ್ ಮರ ಕೊಯ್ದ ದಿನದ ಪುಡಿ ಕೇಳಿ. ನಮ್ಮ ತೋಟಗಳಲ್ಲಿ ಕಾಳುಮೆಣಸು ಹಬ್ಬಿಸಲು, ನೆರಳಿಗೆ ಬೆಳೆಸುವ ಅದೇ ಸಿಲ್ವರ್ ಓಕ್. ಹೆಸರಲ್ಲಿ ಓಕ್ ಇದ್ದರೂ ಅದು ಓಕ್ ಜಾತಿಯಲ್ಲ, ಆಸ್ಟ್ರೇಲಿಯಾದಿಂದ ಬಂದ ಮರ. ತೇಗದ ಪುಡಿ ಬೇಡ, ಅದರ ಎಣ್ಣೆಯಂಶ ತೊಂದರೆ ಕೊಡುತ್ತದೆ. ಪ್ಲೈವುಡ್ ಕೊಯ್ದ ಪುಡಿ ಬೇಡವೇ ಬೇಡ. ಅದರಲ್ಲಿ ಫಾರ್ಮಾಲ್ಡಿಹೈಡ್ ಅಂಟು ಇರುತ್ತದೆ. ಗೆದ್ದಲಿಗೆ ಮದ್ದು ಹೊಡೆದ ಮರದ ಪುಡಿಯೂ ಬೇಡ. ಸಿಲ್ವರ್ ಮರದ ಪುಡಿ ಕೆಲವರ ಚರ್ಮಕ್ಕೆ ತುರಿಕೆ ತರುತ್ತದೆ. ಕೈಗವಸು, ಮೂಗಿಗೆ ಬಟ್ಟೆ ಇರಲಿ.

ಮರದ ಪುಡಿ ಸಿಗದಿದ್ದರೆ ಕಾಫಿ ಪಾರ್ಚ್‌ಮೆಂಟ್‌ನ (ಹಣ್ಣಿನ ಸಿಪ್ಪೆ ಸುಲಿದು ಒಣಗಿಸಿದ ಬೀಜದ) ಹೊಟ್ಟು ತೆಗೆದುಕೊಳ್ಳಬಹುದು. ಕುಶಾಲನಗರದ ಕೂಡ್ಲೂರಿನ ಕಡೆ ಕಾಫಿ ಹಸನು ಮಾಡುವ ಕ್ಯೂರಿಂಗ್ ವರ್ಕ್ಸ್‌ಗಳಿವೆ, ಅಲ್ಲಿ ಬೀಜದಿಂದ ಬಿಡಿಸಿದ ಹೊಟ್ಟು ಸಿಗುತ್ತದೆ. ಅದು ಒಣಗಿದ, ಮರದಂಥ ಸಿಪ್ಪೆ, ಚೆನ್ನಾಗಿ ಕೆಲಸಕ್ಕೆ ಬರುತ್ತದೆ. ಹಣ್ಣನ್ನು ಹಾಗೇ ಒಣಗಿಸಿದ ಚೆರ್ರಿ ಕಾಫಿಯ ಕಪ್ಪು ಸಿಪ್ಪೆ ಮಾತ್ರ ಬೇಡ. ಅದರಲ್ಲಿ ಸಕ್ಕರೆ, ಒಗರು, ಕೆಫೀನ್ ಎಲ್ಲ ಸೇರಿರುವುದರಿಂದ ಕೊನೆಗೆ ಸಿಗುವುದು ಅಂಟಂಟಾದ ರಾಡಿ. ಭತ್ತದ ಹುಲ್ಲಿನಿಂದ ಲಿಗ್ನಿನ್ ಬೇಗ ಬಿಟ್ಟುಕೊಳ್ಳುತ್ತದೆ, ಆದರೆ ಅದರ ಜೊತೆ ಸಿಲಿಕಾ ಕೂಡ ಕರಗಿ ಬರುತ್ತದೆ, ಹುಳಿ ಹಾಕಿದಾಗ ಅದೂ ಕೆಳಗೆ ಕೂರುತ್ತದೆ. ಮೊದಲ ಸಲಕ್ಕೆ ಅದು ಬೇಡ.

ಬೇಕಾಗುವ ಸಾಮಾನು

100 ಗ್ರಾಂ ಒಣ ಮರದ ಪುಡಿ. 30 ಗ್ರಾಂ ಕಾಸ್ಟಿಕ್ ಪೊಟ್ಯಾಷ್ ಚಕ್ಕೆ, ಅಂದರೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಗೊಬ್ಬರದ ಪೊಟ್ಯಾಷ್ ಅಲ್ಲ. ಸುಮಾರು 150 ಗ್ರಾಂ ನಿಂಬೆ ಉಪ್ಪು, ಅಂದರೆ ಅಂಗಡಿಯಲ್ಲಿ ಸಿಗುವ ಸಿಟ್ರಿಕ್ ಆಸಿಡ್. ಮೂರು ಲೀಟರಿನ ಸ್ಟೀಲ್ ಪಾತ್ರೆ ಎರಡು. ಹಳೆಯ ಹತ್ತಿ ಪಂಚೆ. ಹುಳಿ, ಕ್ಷಾರ ಎಷ್ಟಿದೆ ಅಂತ ಬಣ್ಣದಲ್ಲಿ ತೋರಿಸುವ ಪಿಎಚ್ ಪಟ್ಟಿ. 100 ಡಿಗ್ರಿವರೆಗೆ ತೋರಿಸುವ ಥರ್ಮಾಮೀಟರ್. ಕಣ್ಣಿಗೆ ಕನ್ನಡಕ, ಕೈಗೆ ಮೊಣಕೈವರೆಗಿನ ರಬ್ಬರ್ ಗವಸು.

ಕಾಸ್ಟಿಕ್ ಸೋಡಾ ಎಲ್ಲ ಕಡೆ ಸುಲಭವಾಗಿ ಸಿಗುತ್ತದೆ, ಅಗ್ಗ ಕೂಡ. ಆದರೂ ನಾನು ಪೊಟ್ಯಾಷ್ ಹೇಳುತ್ತಿರುವುದಕ್ಕೆ ಕಾರಣ ಇದೆ. ಕೆಲಸ ಮುಗಿದ ಮೇಲೆ ಉಳಿಯುವ ನೀರನ್ನು ಎಲ್ಲಿ ಬಿಡುತ್ತೀರಿ? ಸೋಡಾ ಹಾಕಿದರೆ ಅದರಲ್ಲಿ ಸೋಡಿಯಂ ತುಂಬಿರುತ್ತದೆ, ಮಣ್ಣಿಗೆ ಒಳ್ಳೆಯದಲ್ಲ. ಪೊಟ್ಯಾಷ್ ಹಾಕಿದರೆ ಉಳಿಯುವುದು ಪೊಟ್ಯಾಸಿಯಂ. ಕಾಫಿ ಗಿಡಕ್ಕೆ ನಾವು ದುಡ್ಡು ಕೊಟ್ಟು ತಂದು ಹಾಕುವ ಪೋಷಕಾಂಶ ಅದು. ಸಾಬೂನು ಮಾಡುವವರಿಗೆ ಸಾಮಾನು ಮಾರುವ ಅಂಗಡಿಯಲ್ಲಿ ಕೇಳಿದರೆ ಸಿಗುತ್ತದೆ. ಬೂದಿ ನೀರು ಸಾಕಾಗುವುದಿಲ್ಲ, ಅದರ ಕ್ಷಾರ ಕಡಿಮೆ.

ಅಲ್ಯೂಮಿನಿಯಂ ಪಾತ್ರೆ ಮುಟ್ಟಲೇಬೇಡಿ. ಕ್ಷಾರ ಅಲ್ಯೂಮಿನಿಯಂ ಅನ್ನು ತಿಂದು ಹೈಡ್ರೋಜನ್ ಅನಿಲ ಬಿಡುತ್ತದೆ. ಒಲೆಯ ಹತ್ತಿರ ಅದು ದೊಡ್ಡ ಅಪಾಯ. ಪ್ರೆಶರ್ ಕುಕ್ಕರ್ ಕೂಡ ಬೇಡ, ಸ್ಟೀಲಿನದಾದರೂ ಬೇಡ. ಕಾರ್ಖಾನೆಗಳು 160, 170 ಡಿಗ್ರಿಯಲ್ಲಿ ಒತ್ತಡ ಹಾಕಿ ಬೇಯಿಸುತ್ತವೆ. ಅವರ ಹತ್ತಿರ ಅದಕ್ಕೇ ಕಟ್ಟಿದ ಯಂತ್ರ ಇದೆ. ಮನೆಯಲ್ಲಿ ಕುಕ್ಕರಿನ ವಾಲ್ವ್‌ನಿಂದ ಕುದಿಯುವ ಕ್ಷಾರ ಚಿಮ್ಮಿದರೆ ಕಣ್ಣೇ ಹೋಗುತ್ತದೆ. ಕ್ಷಾರ ಕಣ್ಣಿಗೆ ಹಾರಿದರೆ ಕಡಿಮೆ ಅಂದರೂ 20 ನಿಮಿಷ ಹರಿಯುವ ನೀರಲ್ಲಿ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಿ. ಮಕ್ಕಳು, ನಾಯಿ, ಕೋಳಿ ಹತ್ತಿರ ಸುಳಿಯದ ಜಾಗದಲ್ಲಿ, ಹೊರಗಡೆ ಒಲೆ ಹೂಡಿ. ಈ ಪಾತ್ರೆಗಳನ್ನು ಮತ್ತೆ ಅಡುಗೆಗೆ ಬಳಸಬೇಡಿ.

ಲಿಗ್ನಿನ್ ತೆಗೆಯುವುದು

ಮೊದಲು ಮರದ ಪುಡಿಯನ್ನು ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ ಹಿಂಡಿ. ಎರಡು ಸಲ ಹೀಗೆ ಮಾಡಿ. ಮರದಲ್ಲಿರುವ ಬಣ್ಣ, ಒಗರು ಇದರಲ್ಲೇ ಹೋಗುತ್ತದೆ. ಈ ಹಂತ ಬಿಟ್ಟರೂ ಲಿಗ್ನಿನ್ ಬರುತ್ತದೆ, ಆದರೆ ಕೊಳೆಯಾಗಿ ಬರುತ್ತದೆ.

800 ಮಿಲಿ ತಣ್ಣೀರು ಪಾತ್ರೆಗೆ ಹಾಕಿ. ಅದಕ್ಕೆ ಪೊಟ್ಯಾಷ್ ಚಕ್ಕೆಯನ್ನು ಸ್ವಲ್ಪಸ್ವಲ್ಪವೇ ಸೇರಿಸಿ, ಮರದ ಕೋಲಿನಿಂದ ಕಲಕಿ. ನೀರಿಗೆ ಪೊಟ್ಯಾಷ್, ಪೊಟ್ಯಾಷ್‌ಗೆ ನೀರಲ್ಲ. ತಲೆಕೆಳಗು ಮಾಡಿದರೆ ಕುದಿದು ಮುಖಕ್ಕೆ ಹಾರುತ್ತದೆ. ನೀರು ತಾನಾಗಿಯೇ ಬಿಸಿಯಾಗುವುದು ಗೊತ್ತಾಗುತ್ತದೆ, ಹೆದರಬೇಡಿ. ಪೂರ್ತಿ ಕರಗಿದ ಮೇಲೆ ಹಿಂಡಿಟ್ಟ ಪುಡಿ ಹಾಕಿ.

ಈಗ ಸಣ್ಣ ಉರಿಯಲ್ಲಿ ಮೂರು ಗಂಟೆ. ಜೋರಾಗಿ ಕುದಿಯುವುದು ಬೇಡ. ಅನ್ನದ ಎಸರು ಸುಮ್ನೆ ಗುಳುಗುಳು ಅನ್ನುತ್ತದಲ್ಲ, ಅಷ್ಟು ಸಾಕು. ನೀರು ಇಂಗಿದಷ್ಟೂ ಬಿಸಿನೀರು ಸೇರಿಸುತ್ತಾ ಇರಿ. ಅರ್ಧ ಗಂಟೆಗೆಲ್ಲ ಬಣ್ಣ ಕಡುಗಂದು, ಆಮೇಲೆ ಡಿಕಾಕ್ಷನ್ ಹಾಗೆ ಕಪ್ಪು. ಕಾಗದ ಕಾರ್ಖಾನೆಯ ಊರುಗಳಲ್ಲಿ ಮೂಗಿಗೆ ಬಡಿಯುವ ಕೊಳೆತ ಮೊಟ್ಟೆಯ ವಾಸನೆ ಇಲ್ಲಿ ಬರುವುದಿಲ್ಲ. ಅದು ಅವರು ಬಳಸುವ ಗಂಧಕದ ಸಂಯುಕ್ತಗಳದು, ನಾವು ಗಂಧಕ ಹಾಕಿಲ್ಲ.

ಇಳಿಸಿ, ಕೈ ಮುಟ್ಟುವಷ್ಟು ಆರಿದ ಮೇಲೆ ನಾಲ್ಕು ಪದರ ಮಡಚಿದ ಪಂಚೆಯಲ್ಲಿ ಸೋಸಿ. ಹತ್ತಿ ಬಟ್ಟೆಯೇ ಆಗಬೇಕು. ರೇಷ್ಮೆ, ಉಣ್ಣೆಯನ್ನು ಕ್ಷಾರ ಕರಗಿಸಿಬಿಡುತ್ತದೆ. ಗವಸು ಹಾಕಿಯೇ ಹಿಂಡಿ. ಬಟ್ಟೆಯಲ್ಲಿ ಉಳಿದ ನಾರನ್ನು ಎಸೆಯಬೇಡಿ, ಕುಂಡಕ್ಕೆ ಬೇಕು.

ಮುಂದಿನದು ಎಲ್ಲಕ್ಕಿಂತ ಸೂಕ್ಷ್ಮವಾದ ಹಂತ. ನಾನು ಮೊದಲ ಸಲ ಎಡವಿದ್ದೂ ಇಲ್ಲೇ. ತಣ್ಣಗಿನ ಕಪ್ಪು ದ್ರವಕ್ಕೆ ಹುಳಿ ಸುರಿದೆ. ಲಿಗ್ನಿನ್ ಬೇರೆಯಾಯಿತು ನಿಜ, ಆದರೆ ಲೋಳೆಯ ಹಾಗೆ. ಬಟ್ಟೆಯ ಕಣ್ಣೆಲ್ಲ ಮುಚ್ಚಿಕೊಂಡು ಎರಡು ದಿನವಾದರೂ ನೀರು ಇಳಿಯಲಿಲ್ಲ. ಬೇಸರದಿಂದ ಮೇಲೆ ಶುದ್ಧ ನೀರು ಸುರಿದು ತೊಳೆಯಲು ಹೋದೆ. ಲಿಗ್ನಿನ್ ಮತ್ತೆ ನೀರಿನಲ್ಲಿ ಚದುರಿ ಬಟ್ಟೆಯಿಂದ ಜಾರಿ ಹೋಯಿತು. ಮೂರು ದಿನದ ಕೆಲಸ ಹಾಳು.

ಸರಿಯಾದ ವಿಧಾನ ಹೀಗಿದೆ. ಸೋಸಿದ ದ್ರವವನ್ನು 60ರಿಂದ 65 ಡಿಗ್ರಿಗೆ ಬಿಸಿ ಮಾಡಿ. ನಿಂಬೆ ಉಪ್ಪನ್ನು ಬೇರೆ ಪಾತ್ರೆಯಲ್ಲಿ ಆದಷ್ಟು ಕಡಿಮೆ ಬಿಸಿನೀರಿನಲ್ಲಿ ಕರಗಿಸಿಕೊಳ್ಳಿ. ಅದನ್ನು ಚಮಚ ಚಮಚವಾಗಿ ಹಾಕುತ್ತಾ ಕಲಕಿ. ನೊರೆ ಬರುತ್ತದೆ, ಪಾತ್ರೆಯಲ್ಲಿ ಜಾಗ ಇರಲಿ. ಒಂದು ಹಂತದಲ್ಲಿ ಕಪ್ಪು ಡಿಕಾಕ್ಷನ್‌ಗೆ ಹಾಲು ಬೆರೆಸಿದ ಹಾಗೆ ಬಣ್ಣ ತಟ್ಟನೆ ತಿಳಿಯಾಗುತ್ತದೆ. ಅದೇ ಲಿಗ್ನಿನ್ ಬೇರೆಯಾಗುತ್ತಿರುವ ಗುರುತು. ಪ್ರತಿ ಸಲ ನೋಡಿದಾಗಲೂ ನನಗೆ ಖುಷಿಯಾಗುತ್ತದೆ. ಅಲ್ಲಿಗೇ ನಿಲ್ಲಿಸಬೇಡಿ. ಪಿಎಚ್ 3.5ರಿಂದ 4ಕ್ಕೆ ಬರುವವರೆಗೆ ಹುಳಿ ಹಾಕಿ. ದ್ರವಕ್ಕೇ ಬಣ್ಣ ಇರುವುದರಿಂದ ಪಟ್ಟಿಯ ಮೇಲೆ ಒಂದು ಹನಿ ಬಿಟ್ಟು, ಹಿಂಬದಿಯಿಂದ ಬಣ್ಣ ನೋಡಿ. ಸುಮಾರು 100ರಿಂದ 130 ಗ್ರಾಂ ನಿಂಬೆ ಉಪ್ಪು ಹಿಡಿಯುತ್ತದೆ.

ಇಷ್ಟೊಂದು ಯಾಕೆ, ಬ್ಯಾಟರಿ ಆಸಿಡ್ ಸ್ವಲ್ಪ ಹಾಕಿದರೆ ಸಾಕಲ್ಲ ಅಂತ ನಿಮಗೆ ಅನ್ನಿಸಬಹುದು. ಸಾಕು, ಕಾರ್ಖಾನೆಗಳಲ್ಲೂ ಗಂಧಕಾಮ್ಲವನ್ನೇ ಬಳಸುತ್ತಾರೆ. ಆದರೆ ಮನೆಯಲ್ಲಿ ಅದನ್ನು ಇಟ್ಟುಕೊಳ್ಳುವ ಅಪಾಯಕ್ಕಿಂತ ನಿಂಬೆ ಉಪ್ಪಿನ ಖರ್ಚೇ ವಾಸಿ. ವಿನೆಗರ್ ಹಾಕಿದರೆ ಲೀಟರುಗಟ್ಟಲೆ ಬೇಕು, ಆದರೂ ಪಿಎಚ್ ಬೇಕಾದಷ್ಟು ಇಳಿಯುವುದಿಲ್ಲ. ಕೊಡಗಿನ ಅಡುಗೆಯ ಕಪ್ಪು ಹುಳಿ ಕಾಚಂಪುಳಿ ಬಗ್ಗೆಯೂ ಒಬ್ಬರು ಕೇಳಿದ್ದರು. ಅದು ಪಂದಿ ಕರಿಗೇ ಇರಲಿ.

ಹುಳಿ ಹಾಕಿದ ಮೇಲೆ ಅದೇ 60, 65 ಡಿಗ್ರಿಯಲ್ಲಿ ಅರ್ಧ ಗಂಟೆ ಇಡಿ. ಲಿಗ್ನಿನ್ ಕಣಗಳು ಒಂದಕ್ಕೊಂದು ಸೇರಿ ರವೆಯ ಹಾಗೆ ದಪ್ಪವಾಗುತ್ತವೆ. ಕುದಿಸಿದರೆ ಮೆತ್ತಗಾಗಿ ಮುದ್ದೆಗಟ್ಟುತ್ತದೆ. ಆಮೇಲೆ ರಾತ್ರಿಯಿಡೀ ಅಲುಗಾಡಿಸದೆ ಬಿಡಿ. ಬೆಳಿಗ್ಗೆ ಮೇಲಿನ ತಿಳಿ ಬಗ್ಗಿಸಿ, ಕೆಳಗಿನ ಗಸಿಯನ್ನು ಬಟ್ಟೆಯಲ್ಲಿ ಸೋಸಿ. ಒಂದು ಲೀಟರ್ ನೀರಿಗೆ ಒಂದು ಚಮಚ ನಿಂಬೆ ಉಪ್ಪು ಹಾಕಿ, ಆ ಹುಳಿ ನೀರಲ್ಲಿ ಎರಡು ಸಲ ತೊಳೆಯಿರಿ. ಕೊನೆಗೆ ಒಮ್ಮೆ ಮಾತ್ರ ಸ್ವಲ್ಪ ಸಾದಾ ನೀರು.

ಸ್ಟೀಲ್ ತಟ್ಟೆಯಲ್ಲಿ ತೆಳ್ಳಗೆ ಹರಡಿ ನೆರಳಲ್ಲಿ ಒಣಗಿಸಿ. ಒಲೆಯ ಮೇಲಿಟ್ಟು ಅವಸರ ಮಾಡಬೇಡಿ. ಬಿಸಿ ಜಾಸ್ತಿಯಾದರೆ ಕಣಗಳು ಅಂಟಿಕೊಂಡು ಗಾಜಿನಂಥ ಕಪ್ಪು ಚೂರಾಗುತ್ತವೆ, ಆಮೇಲೆ ಸ್ಪಿರಿಟ್‌ನಲ್ಲಿ ಕರಗುವುದು ಕಷ್ಟ. ಸರಿಯಾಗಿ ಒಣಗಿದರೆ ತಿಳಿ ಕಂದು ಪುಡಿ ಸಿಗುತ್ತದೆ. ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿಡಿ.

ಎಷ್ಟು ಸಿಗುತ್ತದೆ? 100 ಗ್ರಾಂ ಮರದ ಪುಡಿಯಲ್ಲಿ 20 ಗ್ರಾಂ ಮೀರಿ ಲಿಗ್ನಿನ್ ಇದ್ದರೂ, ತೆರೆದ ಪಾತ್ರೆಯಲ್ಲಿ ಬೇಯಿಸಿದರೆ ಅದರ ಒಂದು ಪಾಲು ಮಾತ್ರ ಹೊರಗೆ ಬರುತ್ತದೆ. ನನಗೆ ಮೊದಲು ನಾಲ್ಕು ಗ್ರಾಂ ಬಂತು, ಕೈ ಪಳಗಿದ ಮೇಲೆ ಆರೇಳು ಗ್ರಾಂ. ಒಂದು ಕಿಟಕಿಗೆ ಪಾಲಿಶ್ ಮಾಡಲು ಐದು ಗ್ರಾಂ ಸಾಕು.

ಒಳಗಿನ ಮರಕ್ಕೆ ಅರಗು ಪಾಲಿಶ್

ಬಡಗಿಗಳಿಗೆ ಅರಗಿನ ಪಾಲಿಶ್ ಹೊಸದೇನಲ್ಲ. ನಮ್ಮ ಆಚಾರಿಗೆ ನಾನು ಪುಡಿ ತೋರಿಸಿದಾಗ ಅವರು ಮೂಸಿ ನೋಡಿ, "ಇದನ್ನು ಅರಗಿನ ಜೊತೆ ಹಾಕಿ ನೋಡಿ ಸಾರ್, ಅರಗು ಒಂದೇ ಆದರೆ ನೀರು ತಾಗಿದ ಕಡೆ ಬೆಳ್ಳಗಾಗುತ್ತದೆ" ಅಂದರು. ಅವರ ಮಾತು ಹಿಡಿದೇ ಈ ಅಳತೆ ಮಾಡಿಕೊಂಡದ್ದು.

ಗಾಜಿನ ಬಾಟಲಿಯಲ್ಲಿ 100 ಮಿಲಿ ಪಾಲಿಶ್ ಸ್ಪಿರಿಟ್‌ಗೆ 20 ಗ್ರಾಂ ಅರಗಿನ ಚಕ್ಕೆ ಹಾಕಿ ಒಂದು ರಾತ್ರಿ ಬಿಡಿ. ಇನ್ನೊಂದು ಬಾಟಲಿಯಲ್ಲಿ 40 ಮಿಲಿ ಸ್ಪಿರಿಟ್, 10 ಮಿಲಿ ನೀರು, ಐದು ಗ್ರಾಂ ಲಿಗ್ನಿನ್. ಸ್ವಲ್ಪ ನೀರು ಬೇಕೇ ಬೇಕು. ಬರೀ ಸ್ಪಿರಿಟ್‌ಗಿಂತ ನೀರು ಬೆರೆತ ಸ್ಪಿರಿಟ್‌ನಲ್ಲಿ ಲಿಗ್ನಿನ್ ಚೆನ್ನಾಗಿ ಕರಗುತ್ತದೆ. ಆದರೂ ಪೂರ್ತಿ ಕರಗುವುದಿಲ್ಲ. ಒಂದು ದಿನ ಬಿಟ್ಟು ಆಗಾಗ ಅಲ್ಲಾಡಿಸಿ, ಬಟ್ಟೆಯಲ್ಲಿ ಸೋಸಿ, ತಿಳಿಯನ್ನು ಅರಗಿಗೆ ಸೇರಿಸಿ. ಸ್ಪಿರಿಟ್ ಇರುವ ಕಡೆ ಒಲೆ, ಬೀಡಿ, ದೀಪ ಯಾವುದೂ ಬೇಡ.

ಮರವನ್ನು ಮೊದಲು ಮರಳು ಕಾಗದದಲ್ಲಿ ಉಜ್ಜಿ, ಧೂಳು ಒರೆಸಿ. ಹತ್ತಿ ಬಟ್ಟೆಯ ಉಂಡೆಯಲ್ಲಿ ಅದ್ದಿ, ನಾರಿನ ದಿಕ್ಕಿನಲ್ಲೇ ತೆಳ್ಳಗೆ ಎಳೆಯಿರಿ. ಒಂದೇ ಸಲ ದಪ್ಪ ಹಚ್ಚಿದರೆ ಬಿರುಕು ಬಿಡುತ್ತದೆ. ಮೂರು ಗಂಟೆ ಬಿಟ್ಟು 320 ನಂಬರಿನ ಕಾಗದದಲ್ಲಿ ಹಗುರವಾಗಿ ಉಜ್ಜಿ ಮತ್ತೊಂದು ಕೈ. ಮೂರು ಕೈ ಆದರೆ ಸಾಕು. ಮಂಜು ಮುಸುಕಿದ ಬೆಳಿಗ್ಗೆ ಈ ಕೆಲಸ ಬೇಡ, ಗಾಳಿಯ ತೇವಕ್ಕೆ ಪಾಲಿಶ್ ಬೆಳ್ಳಗೆ ಮಸುಕಾಗುತ್ತದೆ. ಹನ್ನೊಂದು ಗಂಟೆಯ ಬಿಸಿಲು ಏರಿದ ಮೇಲೆ ಶುರು ಮಾಡಿ. ಬಣ್ಣ ಜೇನಿನಂತಿರುತ್ತದೆ. ಒಳಗಿನ ಬಾಗಿಲು, ಕಪಾಟು, ಜಗುಲಿಯ ಒಳಗಿನ ಕಂಬಕ್ಕೆ ಇದು ಸರಿ. ನೇರ ಮಳೆ ಬಡಿಯುವ ಕಡೆ ನಿಲ್ಲುವುದಿಲ್ಲ.

ಮಳೆ ಬಡಿಯುವ ಮರಕ್ಕೆ ಎಣ್ಣೆ

ಹೊರಗಡೆಗೆ ಅಗಸೆ ಎಣ್ಣೆಯೇ ಒಳ್ಳೆಯದು. ಪೇಂಟ್ ಅಂಗಡಿಯಲ್ಲಿ ಡಬಲ್ ಬಾಯ್ಲ್ಡ್ ಅಂತ ಕೇಳಿ. ಲಿಗ್ನಿನ್ ಎಣ್ಣೆಯಲ್ಲಿ ಕರಗುವುದಿಲ್ಲ. ಹಾಗಾಗಿ ಬಣ್ಣ ಅರೆಯುವ ಹಾಗೆ ಅರೆಯಬೇಕು. ಮೂರು ಗ್ರಾಂ ಲಿಗ್ನಿನ್ ಅನ್ನು ಕಲ್ಲಿನ ಮೇಲೆ ನಾಲ್ಕು ಹನಿ ಎಣ್ಣೆ ಬಿಟ್ಟು ಬೆಣ್ಣೆಯಷ್ಟು ನಯವಾಗುವವರೆಗೆ ಅರೆದು, ಆಮೇಲೆ 100 ಮಿಲಿ ಎಣ್ಣೆಗೆ ಬೆರೆಸಿ. ಅರೆಯಲು ಅರ್ಧ ಗಂಟೆ ಹಿಡಿಯುತ್ತದೆ. ಇಲ್ಲಿ ಸೋಮಾರಿತನ ಮಾಡಿದರೆ ಮರದ ಮೇಲೆ ಚುಕ್ಕೆ ಚುಕ್ಕೆಯಾಗಿ ಕಾಣುತ್ತದೆ.

ಒಳ್ಳೆಯದು ಅಂತ ಜಾಸ್ತಿ ಹಾಕಬೇಡಿ. ಅಗಸೆ ಎಣ್ಣೆ ಗಟ್ಟಿಯಾಗುವುದು ಗಾಳಿಯ ಆಮ್ಲಜನಕ ಹಿಡಿದುಕೊಂಡು. ಲಿಗ್ನಿನ್‌ಗೆ ಆ ಕೆಲಸವನ್ನು ತಡೆಯುವ ಗುಣ ಇದೆ. ಹತ್ತು ಗ್ರಾಂ ಹಾಕಿದ ನನ್ನ ಒಂದು ಹಲಗೆ ಎರಡು ವಾರವಾದರೂ ಅಂಟಂಟಾಗಿಯೇ ಇತ್ತು. ಮೂರು ಗ್ರಾಂ ಹಾಕಿದರೂ ಒಂದು ಕೈ ಒಣಗಲು ಬಿಸಿಲಿನಲ್ಲಿ ಮೂರ್ನಾಲ್ಕು ದಿನ ಬೇಕು. ಬಟ್ಟೆಯಲ್ಲಿ ಹಚ್ಚಿ, ಕಾಲು ಗಂಟೆ ಬಿಟ್ಟು, ಮರ ಕುಡಿಯದೆ ಮೇಲೆ ಉಳಿದದ್ದನ್ನು ಒರೆಸಿ ತೆಗೆಯಿರಿ. ಹೀಗೆ ಎರಡು ಅಥವಾ ಮೂರು ಕೈ, ಏಪ್ರಿಲ್ ಒಳಗೆ ಮುಗಿಯಲಿ.

ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯೊಳಗೆ ಆ ಬಿಸಿ ಹೊರಗೆ ಹೋಗಲಾರದೆ ತಾನಾಗಿಯೇ ಬೆಂಕಿ ಹತ್ತಿಕೊಳ್ಳುತ್ತದೆ. ಮರದ ಮನೆಗಳು ಹೀಗೆ ಸುಟ್ಟದ್ದಿದೆ. ಒಂದೊಂದೇ ಬಟ್ಟೆಯನ್ನು ಹೊರಗೆ ತಂತಿಯ ಮೇಲೆ ಬಿಡಿಸಿ ಒಣಗಿಸಿ, ಇಲ್ಲವಾದರೆ ನೀರಿನ ಬಕೆಟ್‌ಗೆ ಹಾಕಿ.

ಐನ್‌ಮನೆಯ (ಕೊಡವರ ಕುಟುಂಬದ ಹಿರಿಯರ ಮನೆಯ) ಕೆತ್ತನೆ ಕಂಬ, ಹಳೆಯ ಬಾಗಿಲುವಾಡಗಳಿಗೆ ಮೊದಲ ಸಲವೇ ಕೈ ಹಾಕಬೇಡಿ. ಬಿಸಾಡಿದ ಹಲಗೆಯ ಮೇಲೆ ಒಂದು ಮಳೆಗಾಲ ನೋಡಿ, ಆಮೇಲೆ ಹಿರಿಯರನ್ನು ಕೇಳಿ ಮುಂದುವರಿಯಿರಿ.

ಉಳಿದ ನಾರಿನಿಂದ ಸಸಿ ಕುಂಡ

ಪ್ಲಾಸ್ಟಿಕ್ ಮಾತಿಗೆ ಬರೋಣ. ನಮ್ಮ ಜಿಲ್ಲೆಯ ನರ್ಸರಿಗಳಲ್ಲಿ ಪ್ರತಿ ವರ್ಷ ಬಳಸುವ ಕಪ್ಪು ಪಾಲಿಥೀನ್ ಚೀಲಗಳ ಲೆಕ್ಕ ಹಾಕಿದವರುಂಟಾ? ಸಸಿ ನೆಡುವ ದಿನ ಹರಿದು ಎಸೆಯುತ್ತೇವೆ. ತೋಟ ಅಗೆದರೆ ಹತ್ತು ವರ್ಷದ ಹಿಂದಿನ ಚೂರು ಇನ್ನೂ ಹಾಗೇ ಬರುತ್ತದೆ. ನಾಲ್ಕೈದು ತಿಂಗಳ ಕೆಲಸಕ್ಕೆ ನೂರಾರು ವರ್ಷ ಉಳಿಯುವ ವಸ್ತು ಯಾಕೆ ಬೇಕು ಹೇಳಿ. ಲಿಗ್ನಿನ್ ಹಚ್ಚಿದ ಕುಂಡ ಇಲ್ಲಿಗೆ ಸರಿಯಾಗಿ ಹೊಂದುತ್ತದೆ. ಬೇಸಿಗೆಯ ನೀರಿಗೆ ತಡೆದುಕೊಳ್ಳಬೇಕು, ಮಣ್ಣಿಗೆ ಸೇರಿದ ಮೇಲೆ ಶಿಲೀಂಧ್ರಗಳಿಗೆ ಆಹಾರವಾಗಬೇಕು.

ಬೇಯಿಸಿ ಉಳಿದ ನಾರನ್ನು ಜಾರುವುದು ನಿಲ್ಲುವವರೆಗೆ ತೊಳೆದು ಹಿಂಡಿ. ಮರದ ಪುಡಿಯ ನಾರು ಗಿಡ್ಡ, ಒಂದೇ ಆದರೆ ಹಿಡಿಯುವುದಿಲ್ಲ. ನೆನೆಸಿ ರುಬ್ಬಿದ ಹಳೆಯ ಪತ್ರಿಕೆ ಅರ್ಧಕ್ಕರ್ಧ ಸೇರಿಸಿ. ಮರಗೆಣಸಿನ ಹಿಟ್ಟಿನ ಗಂಜಿ ದಪ್ಪಗೆ ಕಾಯಿಸಿ ಅಂಟಿಗೆ ಬೇಕಾದಷ್ಟು ಕಲಸಿ. ಚಪಾತಿ ಹಿಟ್ಟಿನ ಹದಕ್ಕೆ ಬರಲಿ. ನರ್ಸರಿಯ ಚೀಲ ಸಾಮಾನ್ಯವಾಗಿ 9 ಇಂಚು ಎತ್ತರ, 6 ಇಂಚು ಅಗಲ. ಕಾಫಿಯ ತಾಯಿಬೇರು ನೇರ ಇಳಿಯಬೇಕು, ಗಿಡ್ಡ ಕುಂಡದಲ್ಲಿ ಮಡಚಿಕೊಂಡರೆ ಗಿಡ ಮುಂದೆ ನರಳುತ್ತದೆ. ಅದಕ್ಕೆ ಎಂಟೊಂಬತ್ತು ಇಂಚಿನ ಪೈಪ್ ತುಂಡಿಗೆ ಕಾಗದ ಸುತ್ತಿ, ಅದರ ಹೊರಗೆ ಅರ್ಧ ಬೆರಳು ದಪ್ಪಕ್ಕೆ ಒತ್ತಿ ಮೆತ್ತಿ. ಅರ್ಧ ಒಣಗಿದಾಗ ಪೈಪ್ ಎಳೆದು, ಕಣದಲ್ಲಿ ನಾಲ್ಕೈದು ದಿನ ಬಿಸಿಲಿಗೆ ಇಡಿ. ಒಂದು ಕುಂಡಕ್ಕೆ ಒಂದು ಸಲದ ನಾರು ಸಾಕಾಗದಿದ್ದರೆ ಎರಡು ಮೂರು ಸಲದ್ದನ್ನು ಕೂಡಿಟ್ಟುಕೊಳ್ಳಿ.

ಲೇಪಕ್ಕೆ ಹತ್ತು ಗ್ರಾಂ ಲಿಗ್ನಿನ್, 200 ಮಿಲಿ ನೀರು. ಅದಕ್ಕೆ ಅಮೋನಿಯಾ ದ್ರಾವಣವನ್ನು ಚಮಚ ಚಮಚವಾಗಿ, ಲಿಗ್ನಿನ್ ಕರಗಿ ಕಪ್ಪಾಗುವವರೆಗೆ ಹಾಕಿ. ಗಾಳಿಯಾಡುವ ಕಡೆಯೇ ಮಾಡಿ, ವಾಸನೆ ಕಣ್ಣುರಿಸುತ್ತದೆ. ಕುಂಡದ ಒಳಹೊರಗೆ ಬ್ರಷ್‌ನಲ್ಲಿ ಎರಡು ಕೈ ಹಚ್ಚಿ. ಒಣಗುವಾಗ ಅಮೋನಿಯಾ ಹಾರಿಹೋಗುತ್ತದೆ, ಸಾದಾ ನೀರಿಗೆ ಸುಲಭವಾಗಿ ಕರಗದ ಲಿಗ್ನಿನ್ ಉಳಿಯುತ್ತದೆ. ಈ ಲೇಪ ಇಲ್ಲದ ಕುಂಡ ಮೂರು ವಾರಕ್ಕೆ ಕುಸಿಯಿತು. ಲೇಪ ಇದ್ದವುಗಳಲ್ಲಿ ಹೆಚ್ಚಿನವು ಜೂನ್‌ವರೆಗೆ ನಿಂತವು, ಬುಡ ಮೆತ್ತಗಾಗಿತ್ತು. ಹತ್ತು ಕುಂಡ ಮಾಡಿ ನೋಡಿ, ಪೂರ್ತಿ ನರ್ಸರಿಯನ್ನು ಒಂದೇ ವರ್ಷಕ್ಕೆ ಬದಲಿಸಬೇಡಿ.

ಹಾಳೆಯ ಹಾಗೆ ತೆಳ್ಳಗಿನ ಪ್ಲಾಸ್ಟಿಕ್ ಬೇಕು ಅನ್ನುವವರು ಇದನ್ನು ಮಾಡಿ. 10 ಗ್ರಾಂ ಮರಗೆಣಸಿನ ಹಿಟ್ಟು, 100 ಮಿಲಿ ನೀರು, ಮೂರು ಗ್ರಾಂ ಗ್ಲಿಸರಿನ್, ಅಮೋನಿಯಾದಲ್ಲಿ ಕರಗಿಸಿದ ಒಂದು ಗ್ರಾಂ ಲಿಗ್ನಿನ್. ಸಣ್ಣ ಉರಿಯಲ್ಲಿ ಗಂಜಿ ಹೊಳೆಯುವವರೆಗೆ ಕಲಕಿ, ಸ್ಟೀಲ್ ತಟ್ಟೆಗೆ ಸುರಿದು ಎರಡು ದಿನ ಒಣಗಿಸಿ ಸುಲಿಯಿರಿ. ಕಂದು ಬಣ್ಣದ, ಬಾಗುವ ಹಾಳೆ. ಲಿಗ್ನಿನ್ ಎರಡು ಗ್ರಾಂ ಮೀರಿದರೆ ಬಿರುಸಾಗಿ ಒಡೆಯುತ್ತದೆ. ಮಕ್ಕಳಿಗೆ ತೋರಿಸಲು ಚೆನ್ನ, ಮಳೆಯಲ್ಲಿ ಮಾತ್ರ ಊದಿಕೊಂಡು ಮೆತ್ತಗಾಗುತ್ತದೆ.

ಗಟ್ಟಿ ವಸ್ತು ಬೇಕಾದರೆ ಬಿಸಿ ಮತ್ತು ಒತ್ತಡ ಎರಡೂ ಬೇಕು. 100 ಡಿಗ್ರಿ ಮೀರಿದ ಮೇಲೆ ಲಿಗ್ನಿನ್ ಮೆತ್ತಗಾಗಿ ಪಕ್ಕದ ನಾರಿಗೆ ಅಂಟಿಕೊಳ್ಳುತ್ತದೆ. ಅಮೆರಿಕದಲ್ಲಿ ವಿಲಿಯಂ ಮೇಸನ್ 1924ರಷ್ಟು ಹಿಂದೆಯೇ ಮರದ ಚಕ್ಕೆಯನ್ನು ಹಬೆಯಲ್ಲಿ ಸಿಡಿಸಿ, ಬಿಸಿ ಒತ್ತಡದಲ್ಲಿ, ಬೇರೆ ಅಂಟು ಹಾಕದೆ ಹಲಗೆ ಮಾಡಿದ್ದರು. ಜರ್ಮನಿಯ ಟೆಕ್ನಾರೊ ಕಂಪನಿ 1998ರಿಂದ ಲಿಗ್ನಿನ್, ನಾರು ಸೇರಿಸಿ ಪ್ಲಾಸ್ಟಿಕ್‌ನಂತೆ ಅಚ್ಚು ಹಾಕಬಹುದಾದ ವಸ್ತು ಮಾಡುತ್ತಿದೆ. ಅದೆಲ್ಲ ಯಂತ್ರದ ಕೆಲಸ, ಹಿತ್ತಲಿನದಲ್ಲ. ಐದಾರು ಮನೆಯವರು ಸೇರಿ ಒಂದು ಹಾಟ್ ಪ್ರೆಸ್ ಹಾಕಿಕೊಂಡರೆ ಮಾತು ಬೇರೆ. ಅಂಥ ಯೋಚನೆ ಇದ್ದವರು ಪೊನ್ನಂಪೇಟೆಯ ಅರಣ್ಯ ಕಾಲೇಜಿನಲ್ಲಿ, ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಮೊದಲು ವಿಚಾರಿಸಿ.

ಕೊಂಡು ತರುವುದಾದರೆ

ಪುಡಿಯನ್ನು ಕೊಂಡು ತರುವುದಾದರೆ ಹೆಸರು ಸರಿಯಾಗಿ ಓದಿ. ಅಂಗಡಿಯವರು ಲಿಗ್ನಿನ್ ಅಂತ ಕೊಡುವುದು ಬಹಳ ಸಲ ಲಿಗ್ನೋಸಲ್ಫೊನೇಟ್ ಆಗಿರುತ್ತದೆ. ಅದನ್ನು ಕಾಂಕ್ರೀಟಿಗೆ, ಪಶು ಆಹಾರದ ಉಂಡೆ ಕಟ್ಟಲು ಬಳಸುತ್ತಾರೆ. ನೀರಿನಲ್ಲಿ ಸಲೀಸಾಗಿ ಕರಗುತ್ತದೆ, ಹಾಗಾಗಿ ಲೇಪಕ್ಕೆ ಪ್ರಯೋಜನವಿಲ್ಲ, ಮೊದಲ ಮಳೆಗೇ ಹೋಗುತ್ತದೆ. ನಮಗೆ ಬೇಕಾದದ್ದು ಕಾಗದ ಕಾರ್ಖಾನೆಯ ಕಪ್ಪು ದ್ರವದಿಂದ ತೆಗೆದ ಕ್ರಾಫ್ಟ್ ಅಥವಾ ಸೋಡಾ ಲಿಗ್ನಿನ್. ಪರೀಕ್ಷೆ ಸುಲಭ. ಒಂದು ಚಿಟಿಕೆ ಪುಡಿಯನ್ನು ಲೋಟದ ನೀರಿಗೆ ಹಾಕಿ. ನೀರು ಪೂರ್ತಿ ಕಂದಾಗಿ ತಳದಲ್ಲಿ ಏನೂ ಉಳಿಯದಿದ್ದರೆ ವಾಪಸ್ ಕೊಡಿ.

ಉಳಿದ ನೀರು

ಹುಳಿ ನೀರು, ತೊಳೆದ ನೀರು ಯಾವುದನ್ನೂ ತೋಡಿಗೆ ಬಿಡಬೇಡಿ. ಅದರಲ್ಲಿ ಮರದ ಸಕ್ಕರೆಯಂಶ ಇದೆ. ಕಾಫಿ ಹಣ್ಣಿನ ಸಿಪ್ಪೆ ಸುಲಿದ ಪಲ್ಪರ್ ಯಂತ್ರದ ನೀರು ತೋಡಿಗೆ ಸೇರಿದಾಗ ಏನಾಗುತ್ತದೆ ಅಂತ ನಮಗೆಲ್ಲ ಗೊತ್ತು. ನೀರಿನಲ್ಲಿರುವ ಆಮ್ಲಜನಕವೆಲ್ಲ ಅದನ್ನು ಕೊಳೆಸಲು ಖರ್ಚಾಗಿ ಮೀನು ಸಾಯುತ್ತದೆ. ನಮ್ಮ ಎಷ್ಟೋ ತೋಡುಗಳು ಕೊನೆಗೆ ಕಾವೇರಿಯನ್ನೇ ಸೇರುತ್ತವೆ.

ಡ್ರಮ್ಮಿನಲ್ಲಿ ಕೂಡಿಟ್ಟು, ಸುಣ್ಣ ಸ್ವಲ್ಪಸ್ವಲ್ಪ ಹಾಕಿ ಪಿಎಚ್ 6ರ ಆಸುಪಾಸಿಗೆ ತನ್ನಿ. ಆಮೇಲೆ ಹತ್ತು ಪಾಲು ನೀರು ಬೆರೆಸಿ ಗೊಬ್ಬರದ ಗುಂಡಿಗೆ ಹಾಕಿ. ಗುಂಡಿ ಬಾವಿಯಿಂದ, ತೋಡಿನಿಂದ ದೂರ ಇರಲಿ. ಮೊದಲ ವರ್ಷ ನಾನು ಸಿಲ್ವರ್ ಮರದ ಬುಡಕ್ಕೆ ನೇರವಾಗಿ ಹಾಕಿದ್ದೆ, ಕೆಡುಕೇನೂ ಕಾಣಲಿಲ್ಲ. ಆದರೂ ಗೊಬ್ಬರದಲ್ಲಿ ಕೊಳೆತು ಹೋಗುವುದೇ ಹೆಚ್ಚು ನಿಶ್ಚಿಂತೆ.

ಹಲಗೆಗಳ ಪರೀಕ್ಷೆ

ಒಂದೇ ಸಿಲ್ವರ್ ಹಲಗೆಯಿಂದ ಮೂರು ತುಂಡು ಕೊಯ್ಯಿರಿ. ಒಂದಕ್ಕೆ ಏನೂ ಹಚ್ಚಬೇಡಿ, ಇನ್ನೊಂದಕ್ಕೆ ಬರೀ ಅಗಸೆ ಎಣ್ಣೆ, ಮೂರನೆಯದಕ್ಕೆ ಲಿಗ್ನಿನ್ ಎಣ್ಣೆ. ಹಿಂದೆ ಪೆನ್ಸಿಲ್‌ನಲ್ಲಿ ದಿನಾಂಕ, ಅಳತೆ ಬರೆಯಿರಿ. ಪ್ರತಿ ತುಂಡಿನ ಅರ್ಧಕ್ಕೆ ತಗಡು ಮುಚ್ಚಿ, ಪಡುವಣದ ಬೇಲಿಗೆ ಮೊಳೆ ಹೊಡೆಯಿರಿ. ಮೇ ತಿಂಗಳ ಮೊದಲ ವಾರದಲ್ಲಿ ಹಾಕಿ, ಸೆಪ್ಟೆಂಬರ್ ಮೊದಲಿನ ಕೈಲ್‌ಪೊಳ್ದ್ ಹಬ್ಬದ ಹೊತ್ತಿಗೆ ಮಳೆ ತಗ್ಗಿರುತ್ತದೆ, ಆಗ ತಗಡು ತೆಗೆದು ಮುಚ್ಚಿದ್ದ ಅರ್ಧ, ತೆರೆದಿದ್ದ ಅರ್ಧ ಪಕ್ಕಪಕ್ಕ ನೋಡಿ. ಒಂದೊಂದು ಹನಿ ನೀರನ್ನೂ ಬಿಟ್ಟು ನೋಡಿ, ಮಣಿಯ ಹಾಗೆ ನಿಲ್ಲುತ್ತದಾ, ಹರಡಿ ಇಂಗುತ್ತದಾ ಅಂತ. ನನ್ನ ಬೇಲಿಯಲ್ಲಿ ಬರಿ ಹಲಗೆ ಬೂದಿ ಬಣ್ಣಕ್ಕೆ ತಿರುಗಿತ್ತು, ಎಣ್ಣೆ ಹಚ್ಚಿದ್ದು ಮಂಕಾಗಿತ್ತು, ಲಿಗ್ನಿನ್ ಎಣ್ಣೆಯದು ಕಂದಾಗಿಯೇ ಇತ್ತು, ಕೆಳಗಿನ ಅಂಚಿನಲ್ಲಿ ಮಾತ್ರ ಎರಡು ಬೆರಳಗಲ ಬಿಳಿಚಿತ್ತು. ಆ ಅಂಚು ನೀರು ತೊಟ್ಟಿಕ್ಕುವ ಜಾಗ. ಈ ವರ್ಷ ಅಲ್ಲಿಗೆ ನಾಲ್ಕನೆಯ ಕೈ ಹಚ್ಚಿದ್ದೇನೆ.